ಮುತ್ತಜ್ಜ ಮಹಾಯುದ್ಧಕ್ಕೆ ಹೋಗಿದ್ದರಾ? ದಾಖಲೆ, ಪದಕ ಹುಡುಕೋದು ಹೇಗೆ

"ನಮ್ಮ ಮುತ್ತಜ್ಜ ಬ್ರಿಟಿಷರ ಕಾಲದಲ್ಲಿ ಮಿಲಿಟರಿಯಲ್ಲಿದ್ದರಂತೆ. ಬಸ್ರಾಕ್ಕೋ ಈಜಿಪ್ಟಿಗೋ ಹೋಗಿದ್ದರಂತೆ. ಎಲ್ಲಿ ಹೆಸರು ಹಾಕಿದರೆ ಮಾಹಿತಿ ಸಿಗುತ್ತೆ?" ಓದುಗರಿಂದ ಪದೇ ಪದೇ ಬರುವ ಪ್ರಶ್ನೆ ಇದು. ನೇರ ಉತ್ತರ ಹೇಳಿಬಿಡುತ್ತೇನೆ: ಬರೀ ಹೆಸರು ಹಾಕಿದರೆ ಹೆಚ್ಚಿನ ಸಲ ಏನೂ ಸಿಗುವುದಿಲ್ಲ. ಮೊದಲು ಪಲ್ಟನ್ (ಅವರಿದ್ದ ಸೇನಾ ತುಕಡಿ) ಯಾವುದು ಅಂತ ಗೊತ್ತಾಗಬೇಕು. ಪಲ್ಟನ್ ಸಿಕ್ಕಿತು ಅಂದರೆ ಅರ್ಧ ಕೆಲಸ ಮುಗಿದಂತೆ.

ಯಾಕೆ ಹೀಗೆ ಅಂದರೆ, ಬ್ರಿಟಿಷ್ ಸೈನಿಕರ ವೈಯಕ್ತಿಕ ಕಡತಗಳು ಲಂಡನ್ನಿನಲ್ಲಿದ್ದವು. 1940ರ ಬಾಂಬ್ ದಾಳಿಯಲ್ಲಿ ಬಹಳಷ್ಟು ಸುಟ್ಟುಹೋದವು, ಉಳಿದವು ಈಗ ಆನ್‌ಲೈನ್‌ನಲ್ಲಿವೆ. ಭಾರತೀಯ ಸಿಪಾಯಿಯ ಕಡತ ಲಂಡನ್ನಿಗೆ ಹೋಗುತ್ತಲೇ ಇರಲಿಲ್ಲ. 'ಶೀಟ್ ರೋಲ್' ಅಂತ ಒಂದು ಹಾಳೆಯಲ್ಲಿ ಅವನ ಹೆಸರು, ತಂದೆಯ ಹೆಸರು, ಊರು, ಸೇವೆಯ ವಿವರ ಬರೆದು ರೆಜಿಮೆಂಟಿನ ಡಿಪೋದಲ್ಲೇ ಇಡುತ್ತಿದ್ದರು. ಮೊದಲ ಮಹಾಯುದ್ಧದ ಕಾಲದ ಆ ಹಾಳೆಗಳಲ್ಲಿ ಬಹುಪಾಲು ಇವತ್ತು ಉಳಿದಿಲ್ಲ. ಹಾಗಾಗಿ ಮುತ್ತಜ್ಜನ ಪೂರ್ತಿ ಜೀವನಚರಿತ್ರೆ ಸಿಗುತ್ತೆ ಅಂತ ಆಸೆ ಇಟ್ಟುಕೊಂಡು ಹೊರಡಬೇಡಿ. ಯಾವ ಪಲ್ಟನ್, ಎಲ್ಲೆಲ್ಲಿ ಹೋರಾಡಿತು, ಯಾವ ಪದಕ ಬಂತು, ತೀರಿಕೊಂಡಿದ್ದರೆ ಎಲ್ಲಿ ಯಾವಾಗ, ಇಷ್ಟನ್ನು ಖಂಡಿತ ಹುಡುಕಬಹುದು. ಅದೂ ಕಡಿಮೆಯೇನಲ್ಲ.

ಇಲ್ಲಿ ಮುಖ್ಯವಾಗಿ 1914–18ರ ಯುದ್ಧದ ಬಗ್ಗೆ ಹೇಳುತ್ತೇನೆ. ಎರಡನೇ ಮಹಾಯುದ್ಧಕ್ಕೆ ಬೇರೆ ದಾರಿ ಇದ್ದರೆ ಅಲ್ಲಲ್ಲೇ ತಿಳಿಸುತ್ತೇನೆ.

ಹಂತ 1: ಹುಡುಕಾಟ ಮನೆಯಿಂದಲೇ ಶುರುವಾಗಲಿ

ಕಂಪ್ಯೂಟರ್ ಮುಂದೆ ಕೂರುವ ಮೊದಲು ಅಟ್ಟದ ಮೇಲಿನ ಟ್ರಂಕು ಇಳಿಸಿ. ಬೇಕಾಗಿರುವುದು ಇವು: ಡಿಸ್ಚಾರ್ಜ್ ಸರ್ಟಿಫಿಕೇಟ್ (ಸೇವೆಯಿಂದ ಬಿಡುಗಡೆಯಾದಾಗ ಕೊಡುವ ಕಾಗದ), ಪಿಂಚಣಿ ಪುಸ್ತಕ, ಮನಿಯಾರ್ಡರ್ ಚೀಟಿ, ಹಳೇ ಫೋಟೋ, ಪದಕ, ಜಮೀನಿನ ಕಾಗದ. ಜಮೀನಿನ ಕಾಗದ ಯಾಕೆ ಅಂತೀರಾ? ಯುದ್ಧದಲ್ಲಿ ಒಳ್ಳೇ ಸೇವೆ ಮಾಡಿದ ಕೆಲವರಿಗೆ 'ಜಂಗಿ ಇನಾಮು' ಅಂತ ಜಮೀನೋ ನಗದೋ ಕೊಟ್ಟಿದ್ದುಂಟು. ಅಂಥ ಆದೇಶ ಸಿಕ್ಕರೆ ಅದರಲ್ಲಿ ಹುದ್ದೆಯೂ ಪಲ್ಟನ್ನೂ ಇರುತ್ತವೆ.

ಫೋಟೋ ಇದ್ದರೆ ಮುಖ ನೋಡಿ ಸುಮ್ನಾಗಬೇಡಿ. ಭುಜದ ಮೇಲಿನ ಲೋಹದ ಅಕ್ಷರ, ಪೇಟದ ಬ್ಯಾಡ್ಜು, ಸೊಂಟದ ಬೆಲ್ಟಿನ ಬಕಲು ದೊಡ್ಡದು ಮಾಡಿ ನೋಡಿ. ಹಿಂಬದಿಯಲ್ಲಿ ಸ್ಟುಡಿಯೋದ ಮೊಹರು ಇದ್ದರೆ ಅದು ಯಾವ ಊರಿನದು ಅಂತ ಬರೆದಿಟ್ಟುಕೊಳ್ಳಿ.

ಹಿರಿಯರನ್ನು "ಯಾವ ರೆಜಿಮೆಂಟು?" ಅಂತ ಕೇಳಿದರೆ "ಯಾರಿಗೊತ್ತಪ್ಪಾ" ಅಂತಾರೆ. ಬೇರೆ ಥರ ಕೇಳಿ. ಕುದುರೆ ಮೇಲಿದ್ದರಾ, ಕಾಲಾಳಾ? ರಜೆ ಮುಗಿಸಿ ಯಾವ ಊರಿಗೆ ವಾಪಸ್ ಹೋಗುತ್ತಿದ್ದರು? ಪಿಂಚಣಿ ತರಲು ಎಲ್ಲಿಗೆ ಹೋಗುತ್ತಿದ್ದರು? ಯಾವ ಕೆಲಸದ ಕತೆ ಜಾಸ್ತಿ ಹೇಳುತ್ತಿದ್ದರು: ಗುಂಡು ಹಾರಿಸಿದ್ದಾ, ಸೇತುವೆ ಕಟ್ಟಿದ್ದಾ, ಹೇಸರಗತ್ತೆ ಹೊಡೆದಿದ್ದಾ? ಒಂದೊಂದು ಉತ್ತರವೂ ಪಟ್ಟಿಯಿಂದ ಹತ್ತಾರು ಪಲ್ಟನ್‌ಗಳನ್ನು ಕಳೆಯುತ್ತದೆ. 'ಬಾರ್ ಸಿಪಾಯಿ' ಅನ್ನುವ ಮಾತು ಬಂದರೆ ಅದು ಮೈಸೂರು ಸಂಸ್ಥಾನದ ಸ್ವಂತ ಕಾಲಾಳು ಪಡೆ. ಸಮುದ್ರ ದಾಟಿದ ಕುದುರೆ ಪಡೆಯ ಜೊತೆ ಅದನ್ನು ಬೆರೆಸಬೇಡಿ.

ಹಂತ 2: ನಿಮ್ಮ ಊರು ಆಗ ಯಾರ ಕೈಯಲ್ಲಿತ್ತು?

ಎಲ್ಲರೂ ಎಡವುವುದು ಇಲ್ಲೇ. 1914ರಲ್ಲಿ ಕರ್ನಾಟಕ ಅನ್ನುವ ರಾಜ್ಯ ಇರಲಿಲ್ಲ. ಊರು ಯಾರ ಆಡಳಿತದಲ್ಲಿತ್ತು ಅನ್ನುವುದರ ಮೇಲೆ ಸೇನೆಗೆ ಸೇರುವ ದಾರಿಯೂ ಬೇರೆ, ದಾಖಲೆ ಇರುವ ಜಾಗವೂ ಬೇರೆ.

ಹಳೇ ಮೈಸೂರಿನವರಾದರೆ ಮೊದಲು ನೋಡಬೇಕಾದ್ದು ಮೈಸೂರು ಇಂಪೀರಿಯಲ್ ಸರ್ವಿಸ್ ಲ್ಯಾನ್ಸರ್ಸ್. 'ಇಂಪೀರಿಯಲ್ ಸರ್ವಿಸ್' ಅಂದರೆ ಸಂಸ್ಥಾನದ ರಾಜರು ಸಾಕಿ, ಯುದ್ಧ ಬಂದಾಗ ಬ್ರಿಟಿಷರಿಗೆ ಕಳಿಸಿಕೊಡುತ್ತಿದ್ದ ಪಡೆ. 'ಲ್ಯಾನ್ಸರ್' ಅಂದರೆ ಈಟಿ ಹಿಡಿದ ಸವಾರ. 1914ರಲ್ಲೇ ಈ ಪಡೆ ಈಜಿಪ್ಟಿಗೆ ಹೋಯಿತು. ಸೂಯೆಜ್ ಕಾಲುವೆ ಕಾದಿತು, ಪ್ಯಾಲೆಸ್ತೀನಿನಲ್ಲಿ ಹೋರಾಡಿತು. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರ ಜೊತೆ ಸೇರಿ ಹೈಫಾ ಪಟ್ಟಣ ಗೆದ್ದಿದ್ದು ಇವರೇ. ಮುಂದಿನ ತಿಂಗಳು ಅಲೆಪ್ಪೊ ಹತ್ತಿರದ ಹರಿತಾನ್‌ನಲ್ಲೂ ದಾಳಿ ಮಾಡಿದರು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಈ ಪಡೆಯ ಸ್ಮಾರಕ ಇದೆ. ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನ ಸವಾರನದು.

ಹಾಗಂತ ಹಳೇ ಮೈಸೂರಿನವರೆಲ್ಲ ಲ್ಯಾನ್ಸರ್ಸ್‌ನಲ್ಲೇ ಇದ್ದರು ಅಂತಲ್ಲ. ಬೆಂಗಳೂರು ದಂಡಿನಲ್ಲಿ ಬ್ರಿಟಿಷ್ ಭಾರತ ಸೇನೆಯ ಎರಡು ದೊಡ್ಡ ನೆಲೆಗಳಿದ್ದವು. ಒಂದು, ಹಲಸೂರಿನ ಮದ್ರಾಸ್ ಸ್ಯಾಪರ್ಸ್ ಅಂಡ್ ಮೈನರ್ಸ್. ಇವತ್ತಿನ ಎಂಇಜಿ (ಮದ್ರಾಸ್ ಎಂಜಿನಿಯರ್ ಗ್ರೂಪ್) ಅದೇ. ಸೇತುವೆ, ರಸ್ತೆ, ಸುರಂಗದ ಕೆಲಸ ಮಾಡುವ ಎಂಜಿನಿಯರ್ ಪಡೆ. ಇನ್ನೊಂದು ಮದ್ರಾಸಿನ ಪಯೋನಿಯರ್ (ದಾರಿ ಮಾಡುವ, ಕಂದಕ ತೋಡುವ ಕಾಲಾಳು) ಪಲ್ಟನ್‌ಗಳು: 61, 64 ಮತ್ತು 81ನೇ ಪಯೋನಿಯರ್ಸ್. ಬ್ರಿಗೇಡ್ ರೋಡ್, ರೆಸಿಡೆನ್ಸಿ ರೋಡ್ ಸೇರುವಲ್ಲಿ ದಿನಾ ಸಾವಿರಾರು ಜನ ದಾಟಿಹೋಗುವ ಸ್ಮಾರಕ ಇದೆಯಲ್ಲ, ಅದು ಈ ಪಯೋನಿಯರ್‌ಗಳದ್ದು.

ಬೆಳಗಾವಿ, ಧಾರವಾಡ, ವಿಜಯಪುರ, ಉತ್ತರ ಕನ್ನಡದ ಕಡೆಯವರಾದರೆ ಆಗ ಬಾಂಬೆ ಪ್ರೆಸಿಡೆನ್ಸಿ. ಮರಾಠಾ ಪಲ್ಟನ್‌ಗಳಲ್ಲಿ ಹುಡುಕಿ: 103, 105, 110, 114, 116, 117. ಇವುಗಳಲ್ಲಿ 103, 110 ಮತ್ತು 117 ಇರಾಕಿನ ಕುತ್ ಅಲ್ ಅಮಾರಾದಲ್ಲಿ ಮುತ್ತಿಗೆಗೆ ಸಿಕ್ಕಿದ್ದವು. 1916ರ ಏಪ್ರಿಲ್ 29ರಂದು ಅಲ್ಲಿ ಇಡೀ ಸೇನೆ ಶರಣಾಯಿತು. ಅಜ್ಜ ತುರ್ಕಿಯವರ ಸೆರೆಯಲ್ಲಿದ್ದರು ಅನ್ನುವ ಕತೆ ಮನೆಯಲ್ಲಿದ್ದರೆ ಈ ಎಳೆಯನ್ನು ಬಿಡಬೇಡಿ.

ಮಂಗಳೂರು, ಬಳ್ಳಾರಿ ಕಡೆ ಮದ್ರಾಸ್ ಪ್ರೆಸಿಡೆನ್ಸಿ. ಅಲ್ಲಿನವರಿಗೆ ಸ್ಯಾಪರ್ಸ್, ಪಯೋನಿಯರ್ಸ್, ಕರ್ನಾಟಿಕ್ ಇನ್ಫೆಂಟ್ರಿಯ (ಕಾಲಾಳು ಪಡೆಯ) ಪಲ್ಟನ್‌ಗಳು. ಕಲಬುರಗಿ, ರಾಯಚೂರು, ಬೀದರ್ ನಿಜಾಮರದ್ದು. ಅಲ್ಲಿಂದ ಹೈದರಾಬಾದ್ ಲ್ಯಾನ್ಸರ್ಸ್ ಹೋಗಿತ್ತು. ಕೊಡಗು ಬೇರೆಯೇ ಪ್ರಾಂತ್ಯ. ಒಂದು ಎಚ್ಚರಿಕೆ: 71ನೇ ಕೂರ್ಗ್ ರೈಫಲ್ಸ್ ಅನ್ನುವ ಹೆಸರು ಕೇಳಿ ಅಲ್ಲೇ ಹುಡುಕುವವರಿದ್ದಾರೆ. ಆ ಪಲ್ಟನ್ 1902ರಲ್ಲಿ ಹುಟ್ಟಿ 1904ರಲ್ಲೇ ಮುಚ್ಚಿಹೋಗಿತ್ತು. 1914ರ ಯುದ್ಧಕ್ಕೆ ಹೋದ ಕೊಡವರನ್ನು ಬೇರೆ ಪಲ್ಟನ್‌ಗಳಲ್ಲೇ ನೋಡಬೇಕು.

ಇನ್ನೊಂದು ಮಾತು. ಲಾಹೋರ್ ಮ್ಯೂಸಿಯಮ್ಮಿನಲ್ಲಿದ್ದ ಸುಮಾರು 3 ಲಕ್ಷ 20 ಸಾವಿರ ಸೈನಿಕರ ಹೆಸರಿನ ರಿಜಿಸ್ಟರುಗಳು ಆನ್‌ಲೈನ್‌ಗೆ ಬಂದ ಸುದ್ದಿ ಓದಿ "ನಮ್ಮಜ್ಜನ ಹೆಸರು ಅಲ್ಲಿಲ್ಲವಲ್ಲ" ಅಂತ ಬೇಜಾರು ಮಾಡಿಕೊಂಡವರಿದ್ದಾರೆ. ಅದು ಪಂಜಾಬ್ ಪ್ರಾಂತ್ಯದ ಪಟ್ಟಿ ಮಾತ್ರ.

ಹಂತ 3: ಪದಕದ ಅಂಚು ಓದಿ

ಮನೆಯಲ್ಲಿ ಪದಕ ಇದ್ದರೆ ನೀವು ಅದೃಷ್ಟವಂತರು. ಮುಖದ ಮೇಲೆ ರಾಜನ ಚಿತ್ರ ಇರುತ್ತೆ, ಅದರಿಂದ ಉಪಯೋಗ ಕಡಿಮೆ. ಪದಕವನ್ನು ಅಡ್ಡ ಹಿಡಿದು ಅಂಚು ನೋಡಿ. ಕಿಟಕಿಯ ಪಕ್ಕ ನಿಂತು, ಬೆಳಕು ಓರೆಯಾಗಿ ಬೀಳುವ ಹಾಗೆ ನಿಧಾನವಾಗಿ ತಿರುಗಿಸಿ. ಸಣ್ಣ ಇಂಗ್ಲಿಷ್ ಅಕ್ಷರಗಳು ಸುತ್ತಲೂ ಕಾಣುತ್ತವೆ: ಮೊದಲು ನಂಬರು, ಆಮೇಲೆ ಹುದ್ದೆ, ಹೆಸರು, ಕೊನೆಗೆ ಪಲ್ಟನ್. ನಕ್ಷತ್ರದ ಆಕಾರದ ಪದಕವಾದರೆ ಇದು ಹಿಂಬದಿಯಲ್ಲಿರುತ್ತೆ. ಅಕ್ಷರ ಸವೆದಿದ್ದರೆ ಮೊಬೈಲಿನಲ್ಲಿ ಸುತ್ತಲೂ ತುಂಡು ತುಂಡಾಗಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ.

ದಯವಿಟ್ಟು ಹುಣಸೆಹಣ್ಣು, ಬ್ರಾಸೋ, ಟೂತ್‌ಪೇಸ್ಟ್ ಹಾಕಿ ಉಜ್ಜಬೇಡಿ. ಹಬ್ಬಕ್ಕೆ ತಾಮ್ರದ ಪಾತ್ರೆ ಬೆಳಗಿದ ಹಾಗೆ ವರ್ಷವರ್ಷವೂ ಬೆಳಗಿ ಅಂಚಿನ ಅಕ್ಷರವೇ ಅಳಿಸಿಹೋದ ಪದಕಗಳು ಎಷ್ಟೋ ಇವೆ. ಹೊಳಪು ಬಂತು, ಹೆಸರು ಹೋಯಿತು.

ಹುದ್ದೆಗಳನ್ನು ಮೊಟಕು ಮಾಡಿ ಬರೆದಿರುತ್ತಾರೆ. ಕಾಲಾಳು ಪಡೆಯಲ್ಲಿ ಕೆಳಗಿನಿಂದ ಮೇಲಕ್ಕೆ ಸಿಪಾಯಿ, ನಾಯಕ್, ಹವಾಲ್ದಾರ್, ಜಮಾದಾರ್, ಸುಬೇದಾರ್, ಸುಬೇದಾರ್ ಮೇಜರ್. ಕುದುರೆ ಪಡೆಯಲ್ಲಿ ಸವಾರ್, ದಫೇದಾರ್, ಜಮಾದಾರ್, ರಿಸಾಲ್ದಾರ್. 'ಎಸ್‌ಪಿಆರ್' ಅಂದರೆ ಸ್ಯಾಪರ್, 'ಡಿವಿಆರ್' ಅಂದರೆ ಡ್ರೈವರ್. ಇದು ಮೋಟಾರು ಓಡಿಸುವವರೇ ಆಗಬೇಕಿಲ್ಲ, ಹೇಸರಗತ್ತೆ ನಡೆಸುವವರೂ ಡ್ರೈವರೇ. 'ಎಸ್ ಅಂಡ್ ಎಂ' ಸ್ಯಾಪರ್ಸ್ ಅಂಡ್ ಮೈನರ್ಸ್, 'ಐ.ಎಸ್.' ಇಂಪೀರಿಯಲ್ ಸರ್ವಿಸ್, 'ಎಲ್.ಐ.' ಲೈಟ್ ಇನ್ಫೆಂಟ್ರಿ.

ನಂಬರಿನ ವಿಷಯದಲ್ಲಿ ಒಂದು ದೊಡ್ಡ ಹಳ್ಳ ಇದೆ. ಪ್ರತಿ ಪಲ್ಟನ್ನೂ ತನ್ನದೇ ಲೆಕ್ಕದಲ್ಲಿ ನಂಬರು ಕೊಡುತ್ತಿತ್ತು. 1500 ಅನ್ನುವ ನಂಬರಿನ ಸಿಪಾಯಿ ಒಂದೊಂದು ಪಲ್ಟನ್ನಿನಲ್ಲೂ ಒಬ್ಬೊಬ್ಬ ಇರಬಹುದು. ನಂಬರು, ಪಲ್ಟನ್ ಎರಡೂ ಹೊಂದಿದರೆ ಮಾತ್ರ ಅದು ನಿಮ್ಮವರು.

ಯಾವ ಪದಕ ಅಂತ ಗುರುತಿಸಿದರೆ ಎಲ್ಲಿಗೆ, ಯಾವಾಗ ಹೋಗಿದ್ದರು ಅಂತಲೂ ಗೊತ್ತಾಗುತ್ತೆ:

- 1914 ಸ್ಟಾರ್: ಕಂಚಿನದು, ಅಡ್ಡ ಕತ್ತಿಗಳಿವೆ. 1914ರ ಆಗಸ್ಟ್ 5ರಿಂದ ನವೆಂಬರ್ 22ರ ಒಳಗೆ ಫ್ರಾನ್ಸ್, ಬೆಲ್ಜಿಯಂನಲ್ಲಿದ್ದವರಿಗೆ ಮಾತ್ರ.
- 1914–15 ಸ್ಟಾರ್: ನೋಡಲು ಹೆಚ್ಚುಕಮ್ಮಿ ಹಾಗೇ. 1915 ಮುಗಿಯುವುದರೊಳಗೆ ಯಾವುದಾದರೂ ರಣರಂಗಕ್ಕೆ ಹೋಗಿದ್ದವರಿಗೆ. ಶುರುವಿನಲ್ಲೇ ಹೋದ ಮೈಸೂರು ಲ್ಯಾನ್ಸರ್‌ಗಳಿಗೆ ಸಿಗಬೇಕಾದ್ದು ಇದು.
- ಬ್ರಿಟಿಷ್ ವಾರ್ ಮೆಡಲ್: ಬೆಳ್ಳಿಯದು. ಹಿಂದೆ ಕುದುರೆ ಮೇಲೆ ಕೂತ ಬೆತ್ತಲೆ ಮನುಷ್ಯ.
- ವಿಕ್ಟರಿ ಮೆಡಲ್: ಕಂಚಿನದು. ರೆಕ್ಕೆ ಇರುವ ದೇವತೆ, ಕಾಮನಬಿಲ್ಲಿನ ಬಣ್ಣದ ರಿಬ್ಬನ್.

ಮೂರು ಪದಕ ಇದ್ದರೆ ಮೊದಲಿಂದ ಹೋದವರು. ವಾರ್ ಮೆಡಲ್, ವಿಕ್ಟರಿ ಎರಡೇ ಇದ್ದರೆ 1916ರಲ್ಲೋ ಆಮೇಲೋ ಹೋದವರು ಅನ್ನಬಹುದು. ಆದರೆ ಒಂದು ಪದಕ ಅಣ್ಣನ ಮನೆಯಲ್ಲಿ, ಇನ್ನೊಂದು ತಮ್ಮನ ಮನೆಯಲ್ಲಿ ಇರುವುದೂ ಉಂಟು. ವಿಚಾರಿಸಿ. ಬೆಳ್ಳಿಯ ಪದಕ ಕಾಣೆಯಾಗಿದ್ದರೆ ಆಶ್ಚರ್ಯವೂ ಇಲ್ಲ. ಬೆಳ್ಳಿ ರೇಟು ಏರಿದಾಗಲೆಲ್ಲ ಇಂಥವು ಕರಗಿವೆ.

ವಾರ್ ಮೆಡಲ್ ಬೆಳ್ಳಿಯ ಬದಲು ಕಂಚಿನದ್ದಾಗಿದ್ದರೆ ನಕಲಿ ಅಂತ ಎಸೆಯಬೇಡಿ. ಕೂಲಿ ದಳಗಳಲ್ಲಿ ಹೋದವರಿಗೆ ಕಂಚಿನಲ್ಲೇ ಕೊಟ್ಟಿದ್ದರು. ರಸ್ತೆ ಕಡಿದವರು, ಹೊರೆ ಹೊತ್ತವರು ಇಲ್ಲದೆ ಆ ಯುದ್ಧ ನಡೆಯುತ್ತಲೇ ಇರಲಿಲ್ಲ. ನನ್ನನ್ನು ಕೇಳಿದರೆ ಬೆಳ್ಳಿಯದಕ್ಕಿಂತ ಅದೇ ಹೆಚ್ಚು ಜೋಪಾನ ಮಾಡಬೇಕಾದ ಪದಕ.

ಎರಡನೇ ಮಹಾಯುದ್ಧದವು ಆರು ಮೂಲೆಯ ನಕ್ಷತ್ರಗಳು: 1939–45 ಸ್ಟಾರ್, ಆಫ್ರಿಕಾ, ಬರ್ಮಾ, ಇಟಲಿ ಹೀಗೆ. ಜೊತೆಗೆ ವಾರ್ ಮೆಡಲ್, ಭಾರತದ ನಕ್ಷೆ ಇರುವ ಇಂಡಿಯಾ ಸರ್ವಿಸ್ ಮೆಡಲ್. ಇವುಗಳಲ್ಲಿ ಹೆಸರಿಲ್ಲದವೂ ಇವೆ, ಹೆಸರಿದ್ದವೂ ಇವೆ. ಅಶೋಕ ಚಕ್ರ ಇರುವ, 1947 ಅಂತ ಬರೆದ ಪದಕ ಯುದ್ಧದ್ದಲ್ಲ. ಸ್ವಾತಂತ್ರ್ಯ ಬಂದ ದಿನ ಸೇವೆಯಲ್ಲಿದ್ದವರಿಗೆ ಕೊಟ್ಟಿದ್ದು. ಅದೂ ಒಳ್ಳೇ ಸುಳಿವೇ.

ಹಂತ 4: ಪಲ್ಟನ್ ಹೆಸರು ಬದಲಾಗಿದ್ದರೆ ಜಾಡು ಹಿಡಿಯಿರಿ

1922ರಲ್ಲಿ ಭಾರತ ಸೇನೆಯನ್ನು ಪೂರ್ತಿ ಕಲಸಿ ಮತ್ತೆ ಜೋಡಿಸಿದರು. ಹಳೇ ನಂಬರುಗಳೆಲ್ಲ ಹೋದವು. ಉದಾಹರಣೆಗೆ 110ನೇ ಮರಾಠಾ ಲೈಟ್ ಇನ್ಫೆಂಟ್ರಿ, 5ನೇ ಮರಾಠಾ ರೆಜಿಮೆಂಟಿನ 3ನೇ ಬೆಟಾಲಿಯನ್ ಆಯಿತು. ಸ್ವಾತಂತ್ರ್ಯದ ನಂತರ ಅದೇ 2 ಪ್ಯಾರಾ (ಪ್ಯಾರಾಶೂಟ್ ರೆಜಿಮೆಂಟಿನ 2ನೇ ಬೆಟಾಲಿಯನ್) ಆಯಿತು. ಬೆಂಗಳೂರಿನ ಪಯೋನಿಯರ್‌ಗಳು 1922ರಲ್ಲಿ 1ನೇ ಮದ್ರಾಸ್ ಪಯೋನಿಯರ್ಸ್ ಆಗಿ, 1933ರಲ್ಲಿ ಆ ಪಡೆಯನ್ನೇ ವಿಸರ್ಜಿಸಿದರು. ಮೈಸೂರು ಲ್ಯಾನ್ಸರ್ಸ್ 1950ರ ದಶಕದಲ್ಲಿ ಬೇರೆ ಸಂಸ್ಥಾನಗಳ ಕುದುರೆ ಪಡೆಗಳ ಜೊತೆ 61ನೇ ಕ್ಯಾವಲ್ರಿಯಲ್ಲಿ ಸೇರಿತು.

ಇದು ಯಾಕೆ ಬೇಕು ಅಂದರೆ, ನೀವು ಪತ್ರ ಬರೆಯಬೇಕಾದ್ದು ಇವತ್ತಿನ ವಾರಸುದಾರ ಪಡೆಗೆ. ಹಳೇ ಹೆಸರು, 1922ರ ಹೆಸರು, ಇವತ್ತಿನ ಹೆಸರು, ಮೂರನ್ನೂ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ.

ಹಂತ 5: ಯುದ್ಧದಲ್ಲಿ ತೀರಿಕೊಂಡಿದ್ದರೆ

ಆಗ ಹುಡುಕುವುದು ಸುಲಭ. ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್‌ನ ವೆಬ್‌ಸೈಟಿನಲ್ಲಿ ಎರಡೂ ಮಹಾಯುದ್ಧಗಳಲ್ಲಿ ಸತ್ತವರ ಪಟ್ಟಿ ಉಚಿತವಾಗಿ ಸಿಗುತ್ತದೆ. ಮೊದಲ ಯುದ್ಧದಲ್ಲಿ ಪ್ರಾಣ ಬಿಟ್ಟ ಅವಿಭಜಿತ ಭಾರತದವರು ಸುಮಾರು 74 ಸಾವಿರ.

ಹೆಸರಿನ ಕಾಲಂನಲ್ಲಿ ನೀವು ಬರೆಯುವ ಸ್ಪೆಲ್ಲಿಂಗ್ ಹಾಕಿದರೆ ಸಿಗದೇ ಹೋಗಬಹುದು. ಬರೆದುಕೊಂಡವನು ಇಂಗ್ಲಿಷ್ ಗುಮಾಸ್ತ, ಕಿವಿಗೆ ಕೇಳಿದ್ದನ್ನು ಗೀಚಿದ್ದಾನೆ. ಮುನಿಸ್ವಾಮಿ 'ಮೂನಿಸಾಮಿ' ಆಗಿರಬಹುದು, ಗೌಡ 'ಗವ್ಡ' ಆಗಿರಬಹುದು. ಕೊಡವರಲ್ಲಿ ಮನೆತನದ ಹೆಸರು ಮೊದಲು ಬರುವುದರಿಂದ ಯಾವುದು ಹೆಸರು, ಯಾವುದು ಮನೆತನ ಅನ್ನುವುದೇ ತಿರುವುಮುರುವಾಗಿರುತ್ತದೆ. ಹೆಸರು ಬಿಟ್ಟು ಪಲ್ಟನ್ ಮತ್ತು ನಂಬರು ಹಾಕಿ ನೋಡಿ. ಅದೂ ಇಲ್ಲದಿದ್ದರೆ 'ಹೆಚ್ಚುವರಿ ಮಾಹಿತಿ' ಕಾಲಂನಲ್ಲಿ ಊರು, ತಾಲೂಕು, ಜಿಲ್ಲೆ ಹಾಕಿ. ಅನೇಕರ ವಿವರದಲ್ಲಿ 'ಇಂಥವರ ಮಗ, ಇಂಥ ಊರು' ಅಂತ ಬರೆದಿದೆ. ಮೈಸೂರು, ಕೊಡಗು, ಬೆಳಗಾವಿಗಳನ್ನು ಹಳೇ ಇಂಗ್ಲಿಷ್ ಸ್ಪೆಲ್ಲಿಂಗ್‌ನಲ್ಲೇ ಹಾಕಬೇಕು ಅನ್ನುವುದು ನೆನಪಿರಲಿ.

ಸಿಕ್ಕ ಪುಟದಲ್ಲಿ ಸ್ಮಾರಕದ ಹೆಸರಿರುತ್ತದೆ. ಸಮಾಧಿ ಇರಲೇಬೇಕು ಅಂತಿಲ್ಲ, ಹಿಂದೂ ಸೈನಿಕರನ್ನು ದಹನ ಮಾಡಿರುತ್ತಾರೆ. ಫ್ರಾನ್ಸಿನ ನವ್ ಶಪೆಲ್ ಸ್ಮಾರಕದಲ್ಲಿ 4,700ಕ್ಕೂ ಹೆಚ್ಚು ಭಾರತೀಯರ ಹೆಸರಿವೆ. ಇರಾಕಿನ ಬಸ್ರಾ ಸ್ಮಾರಕದ ಗೋಡೆಯಲ್ಲಾದರೆ ಅಧಿಕಾರಿಗಳ ಹೆಸರು ಕೆತ್ತಿ, ಭಾರತೀಯ ಸಿಪಾಯಿಗಳದ್ದು ಬರೀ ಸಂಖ್ಯೆ ಹಾಕಿದರು. ಹೆಸರುಗಳು ಪುಸ್ತಕದಲ್ಲಿ ಉಳಿದವು. ಈಜಿಪ್ಟಿನ ಪೋರ್ಟ್ ತೌಫೀಕ್ ಸ್ಮಾರಕ ಆಮೇಲಿನ ಯುದ್ಧಗಳಲ್ಲಿ ಹಾಳಾಗಿ, 1980ರಲ್ಲಿ ಹೀಲಿಯೋಪೊಲಿಸ್‌ನಲ್ಲಿ ಬದಲಿ ಸ್ಮಾರಕ ಕಟ್ಟಿದರು. ದೆಹಲಿಯ ಇಂಡಿಯಾ ಗೇಟ್ ಮೇಲೆ ಹೆಸರು ಹುಡುಕಿ ಸಿಗದೆ ವಾಪಸ್ ಬರುವವರು ಬಹಳ. ಅಲ್ಲಿ ಕೆತ್ತಿದವು 13 ಸಾವಿರ ಚಿಲ್ಲರೆ ಹೆಸರುಗಳು, ಹೆಚ್ಚಾಗಿ ವಾಯವ್ಯ ಗಡಿಯಲ್ಲಿ ಮತ್ತು 1919ರ ಅಫ್ಘನ್ ಯುದ್ಧದಲ್ಲಿ ಸತ್ತವರದ್ದು.

ಎಲ್ಲೂ ಹೆಸರಿಲ್ಲದಿದ್ದರೆ ಮನೆಯ ಕತೆ ಸುಳ್ಳು ಅಂತಲ್ಲ. ಆಫ್ರಿಕಾ ಮತ್ತು ಏಷ್ಯಾದ ಲಕ್ಷಾಂತರ ಜನರನ್ನು ಹೆಸರಿಟ್ಟು ಸ್ಮರಿಸಲೇ ಇಲ್ಲ ಅಂತ ಆ ಕಮಿಷನ್ನೇ 2021ರ ವರದಿಯಲ್ಲಿ ಒಪ್ಪಿಕೊಂಡಿದೆ.

ಹಂತ 6: ಬದುಕಿ ಬಂದಿದ್ದರೆ

ಬಹಳ ಜನರ ಮುತ್ತಜ್ಜಂದಿರು ಈ ಗುಂಪಿನವರು. ಇಲ್ಲಿ ಹುಡುಕಾಟ ನಿಧಾನ.

ಜಮಾದಾರ್ ಅಥವಾ ಅದಕ್ಕಿಂತ ಮೇಲಿನ ಹುದ್ದೆಯಾಗಿದ್ದರೆ 'ಇಂಡಿಯನ್ ಆರ್ಮಿ ಲಿಸ್ಟ್' ನೋಡಿ. ಅಧಿಕಾರಿಗಳ ಹೆಸರಿನ ಪುಸ್ತಕ ಇದು. ಹಲವು ಸಂಪುಟಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಉಚಿತ. ಸಿಪಾಯಿ, ಹವಾಲ್ದಾರರ ಹೆಸರು ಅದರಲ್ಲಿ ಬರುವುದಿಲ್ಲ.

ಶೌರ್ಯ ಪದಕ ಬಂದಿತ್ತು ಅಂತಿದ್ದರೆ ಗೆಜೆಟ್ ಹುಡುಕಿ. ಭಾರತೀಯರಿಗೆ ಹೆಚ್ಚಾಗಿ ಕೊಟ್ಟಿದ್ದು ಇಂಡಿಯನ್ ಆರ್ಡರ್ ಆಫ್ ಮೆರಿಟ್ ಮತ್ತು 1907ರಲ್ಲಿ ಶುರುವಾದ ಇಂಡಿಯನ್ ಡಿಸ್ಟಿಂಗ್ವಿಶ್ಡ್ ಸರ್ವಿಸ್ ಮೆಡಲ್. ವಿಕ್ಟೋರಿಯಾ ಕ್ರಾಸ್ ಭಾರತೀಯರಿಗೆ ತೆರೆದಿದ್ದೇ 1911ರಲ್ಲಿ. ಮನೆಯಲ್ಲಿ "ಅಜ್ಜನಿಗೆ ವಿಕ್ಟೋರಿಯಾ ಪದಕ ಬಂದಿತ್ತು" ಅನ್ನುವ ಮಾತಿದ್ದರೆ ಅದು ಹೆಚ್ಚಿನ ಸಲ ಎಲ್ಲರಿಗೂ ಕೊಟ್ಟ ವಿಕ್ಟರಿ ಮೆಡಲ್. ಮೆಲ್ಲಗೆ ತಿಳಿಸಿ, ಜಗಳ ಬೇಡ.

ಪಲ್ಟನ್ ಗೊತ್ತಿದ್ದರೆ ಲಂಡನ್ ಹತ್ತಿರದ ಕ್ಯೂನಲ್ಲಿರುವ ಬ್ರಿಟನ್ ರಾಷ್ಟ್ರೀಯ ಪತ್ರಾಗಾರದ 'ವಾರ್ ಡೈರಿ' ನೋಡಿ. ಯುದ್ಧಭೂಮಿಯಲ್ಲಿ ಪ್ರತಿ ಪಡೆಯೂ ಇಡಬೇಕಾಗಿದ್ದ ದಿನಚರಿ ಅದು. ಸಿಪಾಯಿಗಳ ಹೆಸರು ಬರುವುದು ಅಪರೂಪ. ಆದರೆ ಯಾವ ದಿನ ಎಲ್ಲಿದ್ದರು, ನೀರು ಸಿಕ್ಕಿತಾ, ಕುದುರೆ ಎಷ್ಟು ಸತ್ತವು, ಎಲ್ಲ ಇರುತ್ತದೆ. ಹುಡುಕುವಾಗ 'ಡಬ್ಲ್ಯುಒ 95' ಅನ್ನುವ ಸರಣಿ ಸಂಖ್ಯೆ ಹಾಕಿ. ಅಲ್ಲೇ 'ಮೆಡಲ್ ಇಂಡೆಕ್ಸ್ ಕಾರ್ಡ್' ಅನ್ನುವ ಇನ್ನೊಂದು ದೊಡ್ಡ ಸಂಗ್ರಹ ಇದೆ. ಭಾರತೀಯ ಸಿಪಾಯಿಗಳ ಕಾರ್ಡು ಅದರಲ್ಲಿ ಕಡಿಮೆ. ದುಡ್ಡು ಕೊಟ್ಟು ಡೌನ್‌ಲೋಡ್ ಮಾಡುವ ಮೊದಲು ಪಲ್ಟನ್, ನಂಬರು ಹೊಂದುತ್ತಾ ನೋಡಿ.

ಮೈಸೂರು ಸಂಸ್ಥಾನದ ಪಡೆಯವರಾದರೆ ಲಂಡನ್ ಆಮೇಲೆ, ಬೆಂಗಳೂರು ಮೊದಲು. ಕರ್ನಾಟಕ ರಾಜ್ಯ ಪತ್ರಾಗಾರ ಇಲಾಖೆಯಲ್ಲಿ ಸಂಸ್ಥಾನದ ಕಡತಗಳಿವೆ. ಮಿಲಿಟರಿ ಇಲಾಖೆಯ ಕಡತ, ಮೈಸೂರು ಗೆಜೆಟ್, ವಾರ್ಷಿಕ ಆಡಳಿತ ವರದಿ ಕೇಳಿ. ದೆಹಲಿಯ ರಾಷ್ಟ್ರೀಯ ಅಭಿಲೇಖಾಗಾರದ 'ಅಭಿಲೇಖ್ ಪಟಲ್' ಪೋರ್ಟಲ್‌ನಲ್ಲಿ ಮನೆಯಿಂದಲೇ ಹುಡುಕಬಹುದು. ಅಜ್ಜನ ಹೆಸರು ಹಾಕಬೇಡಿ. ಪಲ್ಟನ್ ಹೆಸರು, ಇಸವಿ ಹಾಕಿ.

ಎರಡನೇ ಯುದ್ಧದ ಒಂದು ವಿಶೇಷ: 1ನೇ ಮೈಸೂರು ಇನ್ಫೆಂಟ್ರಿ ಸಿಂಗಪುರದಲ್ಲಿತ್ತು. 1942ರ ಫೆಬ್ರುವರಿ 15ರಂದು ಸಿಂಗಪುರ ಬಿದ್ದಾಗ ಜಪಾನೀಯರ ಸೆರೆಯಾಯಿತು. ಅಲ್ಲಿ ಸೆರೆಯಾದ ಭಾರತೀಯರಲ್ಲಿ ಸಾವಿರಾರು ಜನ ಆಜಾದ್ ಹಿಂದ್ ಫೌಜಿಗೆ (ಐಎನ್‌ಎ) ಸೇರಿದರು. ನಿಮ್ಮ ತಾತ "ಸಿಂಗಪುರದಲ್ಲಿದ್ದರು" ಅಂತಿದ್ದರೆ ರಾಷ್ಟ್ರೀಯ ಅಭಿಲೇಖಾಗಾರದ ಐಎನ್‌ಎ ಕಡತಗಳನ್ನೂ ನೋಡಿ.

ಹಂತ 7: ರೆಕಾರ್ಡ್ ಆಫೀಸಿಗೆ ಪತ್ರ

ಪ್ರತಿ ರೆಜಿಮೆಂಟಿಗೂ ಒಂದು ರೆಕಾರ್ಡ್ ಆಫೀಸ್ ಇದೆ. ಎಂಇಜಿಯದ್ದು ಬೆಂಗಳೂರಿನಲ್ಲಿ, ಮರಾಠಾ ಲೈಟ್ ಇನ್ಫೆಂಟ್ರಿಯದ್ದು ಬೆಳಗಾವಿಯಲ್ಲಿ, ಮದ್ರಾಸ್ ರೆಜಿಮೆಂಟಿನದ್ದು ನೀಲಗಿರಿಯ ವೆಲ್ಲಿಂಗ್ಟನ್‌ನಲ್ಲಿ. ಎರಡನೇ ಮಹಾಯುದ್ಧದವರಾಗಿದ್ದು ಪಿಂಚಣಿ ಬರುತ್ತಿದ್ದರೆ ಇಲ್ಲಿ ಸಿಗುವ ಸಾಧ್ಯತೆ ಜಾಸ್ತಿ.

ಒಂದೇ ಪುಟದ ಪತ್ರ ಸಾಕು. ನಂಬರು, ಹುದ್ದೆ, ಹೆಸರಿನ ಎಲ್ಲ ಸ್ಪೆಲ್ಲಿಂಗ್, ತಂದೆಯ ಹೆಸರು, ಊರು ಮತ್ತು ಹಳೇ ಜಿಲ್ಲೆ, ಪಲ್ಟನ್ನಿನ ಹಳೇ ಹಾಗೂ ಹೊಸ ಹೆಸರು, ನಿಮಗೂ ಅವರಿಗೂ ಏನು ಸಂಬಂಧ, ಇಷ್ಟು ಬರೆಯಿರಿ. ಪದಕದ ಅಂಚಿನ ಫೋಟೋ ಲಗತ್ತಿಸಿ. ಅಸಲಿ ಕಾಗದ ಯಾರಿಗೂ ಕಳಿಸಬೇಡಿ, ಜೆರಾಕ್ಸ್ ಮಾತ್ರ. ಉತ್ತರ ಬರದಿದ್ದರೆ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. "ಎಲ್ಲ ಮಾಹಿತಿ ಕೊಡಿ" ಅಂದರೆ ಏನೂ ಬರುವುದಿಲ್ಲ. "ಈ ನಂಬರಿನ ವ್ಯಕ್ತಿಯ ಶೀಟ್ ರೋಲ್ ಇದೆಯೇ, ಇದ್ದರೆ ಪ್ರತಿ ಕೊಡಿ" ಅಂತ ನೇರವಾಗಿ ಕೇಳಿ. ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲಿ ಹಳೇ ಪಿಂಚಣಿದಾರರ ವಿಷಯ ವಿಚಾರಿಸಿದರೆ ನಷ್ಟವಿಲ್ಲ.

ಹಣದ ವಿಷಯ

"ಇಷ್ಟು ಸಾವಿರ ಕೊಟ್ಟರೆ ನಿಮ್ಮ ಅಜ್ಜನ ಸರ್ವಿಸ್ ರೆಕಾರ್ಡ್ ಲಂಡನ್ನಿನಿಂದ ತರಿಸಿಕೊಡುತ್ತೇವೆ" ಅಂತ ಯಾರಾದರೂ ಬಂದರೆ, ಯಾವ ಸರಣಿ, ಯಾವ ಕಡತ ಸಂಖ್ಯೆ ಅಂತ ಮೊದಲು ಕೇಳಿ. ಸಿಪಾಯಿಯ ಕಡತ ಅಲ್ಲಿಗೆ ಹೋಗೇ ಇರಲಿಲ್ಲ ಅನ್ನುವುದು ಈಗ ನಿಮಗೆ ಗೊತ್ತಿದೆ. ಕಳೆದುಹೋದ ಪದಕದ ಬದಲಿಗೆ ಅಂಗಡಿಯಲ್ಲಿ ಸಿಗುವುದು ನಕಲು. ಗೋಡೆಗೆ ಹಾಕಲು ಅಡ್ಡಿಯಿಲ್ಲ, ಅಸಲಿ ಬೆಲೆ ಕೊಡಬೇಡಿ. ವಿದೇಶದಲ್ಲಿರುವ ಮೊಮ್ಮಕ್ಕಳು ಅಜ್ಜನ ಪದಕ ಸೂಟ್‌ಕೇಸಿಗೆ ಹಾಕಿಕೊಂಡು ಹೊರಡುವ ಮುಂಚೆ ಪುರಾತತ್ವ ಇಲಾಖೆಯನ್ನು ಕೇಳಿ. 1972ರ ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ಪ್ರಾಚ್ಯವಸ್ತುಗಳನ್ನು ಅನುಮತಿಯಿಲ್ಲದೆ ದೇಶದಿಂದ ಹೊರಗೆ ಒಯ್ಯುವಂತಿಲ್ಲ.

ವಾರ್ ಗ್ರೇವ್ಸ್ ಕಮಿಷನ್ನಿನ ಪಟ್ಟಿಯಲ್ಲಿ ನಿಮ್ಮವರ ಹೆಸರು, ಊರು ತಪ್ಪಾಗಿದ್ದರೆ ಹಾಗೇ ಬಿಡಬೇಡಿ. ಆಧಾರದ ಕಾಗದ ಲಗತ್ತಿಸಿ ಬರೆದರೆ ಪರಿಶೀಲಿಸಿ ತಿದ್ದುತ್ತಾರೆ. ಹೆಸರೇ ಬಿಟ್ಟುಹೋಗಿದ್ದರೆ ಸೇರಿಸಲೂ ಅರ್ಜಿ ಹಾಕಬಹುದು. ಯುದ್ಧದ ಗಾಯ, ಕಾಯಿಲೆಯಿಂದ ಸತ್ತರು ಅನ್ನುವುದಕ್ಕೆ ಆ ಕಾಲದ್ದೇ ದಾಖಲೆ ಬೇಕು. ಮನೆಯವರು ಹೇಳಿದ ಮಾತು ಸಾಲದು. ಹಂತ 1ರ ಟ್ರಂಕಿನಲ್ಲಿ ಒಂದು ಚೀಟಿಯನ್ನೂ ಎಸೆಯಬೇಡಿ ಅನ್ನುವುದು ಅದಕ್ಕೇ.